ಬಿಳಿ ಅಕ್ಕಿ ಕಳೆದುಕೊಂಡ ಹದಿನಾಲ್ಕು ಅಕ್ಷರ

ಕುಂದಾಪುರದ ಕಡೆಯ ಅಡುಗೆಮನೆಗಳಲ್ಲಿ ಎರಡು ಬಗೆಯ ಅಕ್ಕಿ ಇರುತ್ತದೆ. ಬೆಳಗಿನ ಗಂಜಿಗೂ ಮಧ್ಯಾಹ್ನದ ಮೀನು ಸಾರಿನ ಊಟಕ್ಕೂ ಕೆಂಪು ಕುಚ್ಚಲಕ್ಕಿ. ದೋಸೆ, ಪಾಯಸ, ದೇವರ ನೈವೇದ್ಯ, ಘಟ್ಟದ ಮೇಲಿನ ನೆಂಟರು ಬಂದ ದಿನದ ಅನ್ನ, ಇವಕ್ಕೆಲ್ಲ ಬೆಳ್ತಿಗೆ. ಎರಡರಲ್ಲಿ ಹಳೆಯದು ಯಾವುದು ಎಂದು ಕೇಳಿದರೆ ಹೆಚ್ಚಿನವರು ಬಿಳಿಯದ್ದೇ ಮೂಲ ಅಕ್ಕಿ, ಕೆಂಪು ಕರಾವಳಿಯವರ ವಿಶೇಷ ಎನ್ನುತ್ತಾರೆ. ವಿಷಯ ತಿರುಗುಮುರುಗು. ಭತ್ತದ ಪೂರ್ವಜ ಎನಿಸಿದ, ಇಂದಿಗೂ ಏಷ್ಯಾದ ಕೆರೆ ಜೌಗುಗಳಲ್ಲಿ ತಾನಾಗಿ ಬೆಳೆಯುವ ಕಾಡುಭತ್ತದ ಅಕ್ಕಿ ಕೆಂಪು. ಬಿಳಿ ಅಕ್ಕಿ ಆಮೇಲಿನದು, ಒಂದು ಗಿಡದಲ್ಲಿ ಆದ ಒಂದು ತಪ್ಪಿನಿಂದ ಹುಟ್ಟಿದ್ದು.

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಜೀವವಿಕಾಸದ್ದು ಕಾಯಂ ಗಿರಾಕಿ. ಬೈಂದೂರು ಕಡೆಯಿಂದ ಬರುವ ಪ್ರಶ್ನೆಗಂತೂ ಊರಿನ ರುಚಿಯೇ ಬೇರೆ: "ಮಂಗ ಮನ್ಷ ಆದ್ದ್ ಹೌದಾರೆ, ಕೊಲ್ಲೂರ್ ಘಾಟಿಯಂಗೆ ಇಪ್ಪು ಮಂಗ ಎಂತಕ್ಕೆ ಮನ್ಷ ಆಯ್ಲಿಲ್ಲ?" ಇನ್ನೊಂದು ಪ್ರಶ್ನೆ ಸ್ವಲ್ಪ ಕಾನೂನಿನ ಧಾಟಿಯದು: ಲಕ್ಷಾಂತರ ವರ್ಷದಲ್ಲಿ ಆಗುವುದನ್ನು ಕಣ್ಣಾರೆ ಕಂಡ ಸಾಕ್ಷಿ ಯಾರು? ಎರಡಕ್ಕೂ ಉತ್ತರ ಇದೆ. ಆದರೆ ಮಂಗನಿಂದ ಶುರು ಮಾಡಿದ ಮಾತು ಜಗಳಕ್ಕೆ ಹೋಗುವುದೇ ಹೆಚ್ಚು. ಅಕ್ಕಿಯಿಂದ ಶುರು ಮಾಡುವುದು ಕ್ಷೇಮ.

ಹೆಚ್ಚು ಪಾಲಿಶ್ ಆಗದ ಒಂದು ಕೆಂಪಕ್ಕಿ ಕಾಳನ್ನು ಅಂಗೈಯಲ್ಲಿಟ್ಟು ನೋಡಬೇಕು. ಮೈಯುದ್ದಕ್ಕೂ ಇರುವ ಸಣ್ಣ ತಗ್ಗುಗಳಲ್ಲಿ ಕೆಂಪು ಗೆರೆ ಉಳಿದಿರುತ್ತದೆ, ಗೆರೆಗಳ ನಡುವೆ ಮಾಸಲು ಬಿಳಿ. ಉಗುರಿನಿಂದ ಕೆರೆದರೆ ಕೆಂಪು ಪುಡಿಯಾಗಿ ಬರುತ್ತದೆ. ಬಣ್ಣ ಇರುವುದು ಉಮಿಯ ಒಳಗಿನ ತೆಳು ಪೊರೆಯಲ್ಲಿ, ಮಿಲ್ಲಿನಲ್ಲಿ ತೌಡಾಗಿ ಹೋಗುವ ಪದರದಲ್ಲಿ. ಒಳಗಿನ ಹಿಟ್ಟು ಎರಡೂ ಅಕ್ಕಿಯಲ್ಲಿ ಬಿಳಿಯೇ. ಭತ್ತವನ್ನು ಬೇಯಿಸಿ ಅಂಗಳದಲ್ಲಿ ಒಣಗಿಸಿದ್ದರಿಂದ ಕೆಂಪಾಯಿತು ಎಂದುಕೊಂಡವರಿದ್ದಾರೆ. ಬಿಳಿ ತಳಿಯನ್ನು ಎಷ್ಟು ಕುಚ್ಚಿದರೂ ಹಳದಿ ಛಾಯೆ ಬಂದೀತೇ ಹೊರತು ಆ ಕೆಂಪು ಬಾರದು.

ಪೊರೆಗೆ ಬಣ್ಣ ಬರಿಸುವ ಕೆಲಸಕ್ಕೆ ಚಾಲನೆ ಕೊಡುವುದು ಆರ್‌ಸಿ ಎಂಬ ವಂಶವಾಹಿ. ಭತ್ತದ 12 ಜೋಡಿ ವರ್ಣತಂತುಗಳಲ್ಲಿ 7ನೆಯದರಲ್ಲಿ ಅದರ ಜಾಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸೂಸನ್ ಮೆಕೌಚ್ ಅವರ ತಂಡ 2006ರಲ್ಲಿ ಅದನ್ನು ಬಿಡಿಸಿ ಓದಿತು. ಡಿಎನ್‌ಎಯನ್ನು ಅಕ್ಷರಗಳ ಉದ್ದನೆಯ ಸಾಲು ಎಂದುಕೊಂಡರೆ, ಜೀವಕೋಶ ಅದನ್ನು ಮೂರು ಮೂರು ಅಕ್ಷರ ಒಟ್ಟಿಗೆ ಹಿಡಿದು ಓದುತ್ತದೆ. ಬಿಳಿ ಅಕ್ಕಿಯಲ್ಲಿ ಈ ವಂಶವಾಹಿಯ ನಡುವೆ 14 ಅಕ್ಷರ ಕಾಣೆ. ಹದಿನಾಲ್ಕು ಮೂರರಿಂದ ಭಾಗವಾಗುವುದಿಲ್ಲ. ಹಾಗಾಗಿ ಅಲ್ಲಿಂದ ಮುಂದೆ ಪದ ಬಿಡಿಸುವ ಲಯವೇ ತಪ್ಪಿ, ಬಣ್ಣದ ಆದೇಶ ಅರ್ಧದಲ್ಲೇ ನಿಂತುಹೋಗುತ್ತದೆ. ಮರುವರ್ಷ ಇದೇ ತಂಡ ಜಗತ್ತಿನ ನಾನಾ ಕಡೆಯ ಬಿಳಿ ತಳಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ 97.9% ತಳಿಗಳಲ್ಲಿ ಕಾಣೆಯಾಗಿದ್ದದ್ದು ಅದೇ ಜಾಗದ ಅದೇ 14 ಅಕ್ಷರ. ದೇಶದೇಶದ ಭತ್ತವೂ ಬೇರೆ ಬೇರೆಯಾಗಿ ಒಂದೇ ತಪ್ಪನ್ನು ಅಷ್ಟು ಕರಾರುವಾಕ್ಕಾಗಿ ಮಾಡಿತು ಎಂದರೆ ನಂಬುವುದು ಕಷ್ಟ. ತಪ್ಪು ಆದದ್ದು ಒಮ್ಮೆ, ಜಪಾನಿಕಾ ಗುಂಪಿನ ಭತ್ತದಲ್ಲಿ. ಅಲ್ಲಿಂದ ಪರಾಗದ ಮೂಲಕ ಇಂಡಿಕಾ ಗುಂಪಿಗೆ ದಾಟಿ, ಜನರ ಕೈಯಿಂದ ಕೈಗೆ ಹೋಗಿ ಲೋಕವೆಲ್ಲ ಹರಡಿತು. ಅಂಗಡಿಯ ಸಾಲಿನಲ್ಲಿ ಹೆಸರು ಹತ್ತಿದ್ದರೂ ಬಿಳಿ ಅಕ್ಕಿಯ ಬಹುಪಾಲು ಆ ಒಂದು ಗಿಡದ ಗುರುತು ಹೊತ್ತದ್ದು.

ಇದಕ್ಕೊಂದು ಬಾಲವೂ ಇದೆ, ಬಿಟ್ಟುಬಿಡಲು ಮನಸ್ಸಾಗುವುದಿಲ್ಲ. ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ವೆಲ್ಸ್ ಎಂಬ ಬಿಳಿ ತಳಿಯ ನಡುವೆ ಕೆಂಪಕ್ಕಿಯ ಗಿಡ ಕಾಣಿಸಿಕೊಂಡಿತು. ಕಾಡುಭತ್ತದ ಬೆರಕೆ ಇರಬಹುದೆಂದು ಪರೀಕ್ಷಿಸಿದರೆ ಬೆರಕೆ ಅಲ್ಲ. ಕಾಣೆಯಾದ 14 ಅಕ್ಷರ ಕಾಣೆಯಾಗಿಯೇ ಇತ್ತು, ಅದರ ಪಕ್ಕದಲ್ಲಿ ಇನ್ನೂ ಒಂದು ಅಕ್ಷರ ಬಿದ್ದುಹೋಗಿತ್ತು. ಹದಿನಾಲ್ಕಕ್ಕೆ ಒಂದು ಸೇರಿ ಹದಿನೈದು, ಮೂರರಿಂದ ಭಾಗವಾಯಿತು, ಓದುವ ಲಯ ಮತ್ತೆ ಕೂಡಿತು, ಅಕ್ಕಿ ಕೆಂಪಾಯಿತು. 2008ರಲ್ಲಿ ಇದು ಪ್ರಕಟವಾಯಿತು. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿಮಾಡಿದ ಇಂಥ ನಿದರ್ಶನ ಅಪರೂಪ. ಅಕ್ಷರ ಬೀಳುವುದಕ್ಕೂ ಗಿಡಕ್ಕೆ ಏನು ಬೇಕು ಎನ್ನುವುದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ಬೇಡ.

ಇಲ್ಲಿ ಜಾಣ ಓದುಗರು ಒಂದು ತಕರಾರು ತೆಗೆಯುತ್ತಾರೆ. ಕೆಂಪು ಮತ್ತು ಬಿಳಿ ಕೂಡಿದರೆ ಮೇಲುಗೈ ಕೆಂಪಿನದ್ದು. ಹಾಗಿದ್ದರೆ ಗದ್ದೆಯೆಲ್ಲ ತಾನಾಗಿ ಕೆಂಪಾಗಬೇಕಿತ್ತಲ್ಲ? ಇದೇ ತಕರಾರು 1908ರಲ್ಲಿ ಲಂಡನ್‌ನಲ್ಲಿ ಎದ್ದಿತ್ತು, ಮನುಷ್ಯರ ಗಿಡ್ಡ ಬೆರಳಿನ ವಿಚಾರದಲ್ಲಿ. ಪ್ರಬಲ ಗುಣವಾದರೆ ಎಲ್ಲರಿಗೂ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ತೋಚದೆ ತಳಿವಿಜ್ಞಾನಿ ಪನ್ನೆಟ್ ತನ್ನ ಕ್ರಿಕೆಟ್ ಗೆಳೆಯನ ಮುಂದಿಟ್ಟರು. ಆ ಗೆಳೆಯ ಜಿ.ಎಚ್. ಹಾರ್ಡಿ, ಮುಂದೆ ರಾಮಾನುಜನ್‌ರನ್ನು ಇಂಗ್ಲೆಂಡಿಗೆ ಕರೆಸಿಕೊಂಡ ಗಣಿತಜ್ಞ. ಅವರಿಗೆ ಇದು ಶಾಲಾ ಹುಡುಗರ ಲೆಕ್ಕದಷ್ಟು ಸರಳವಾಗಿ ಕಂಡಿತು. ಹೊರಗಿನಿಂದ ಬಲ ಬೀಳದಿದ್ದರೆ, ದೊಡ್ಡ ಗುಂಪಿನೊಳಗೆ ಜೋಡಿ ಕೂಡುವುದರಲ್ಲಿ ಯಾರೂ ಆರಿಸಿ ತೆಗೆಯದಿದ್ದರೆ, ಒಂದು ವಂಶವಾಹಿಯ ಎರಡು ರೂಪಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಉಳಿಯುತ್ತದೆ ಎಂದು ಒಂದು ಪುಟದೊಳಗೆ ತೋರಿಸಿದರು. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಅದನ್ನೇ ಹೇಳಿದ್ದರಿಂದ ಇಬ್ಬರ ಹೆಸರೂ ಜೊತೆಯಾಯಿತು. ಪ್ರಬಲ ಎಂಬುದು ಒಂದು ಗಿಡದೊಳಗಿನ ಮಾತು. ಗದ್ದೆಯಲ್ಲಿ ಯಾರು ಹೆಚ್ಚಾಗುತ್ತಾರೆ ಎಂಬುದಕ್ಕೆ ಬೇರೆ ಕಾರಣ ಬೇಕು.

ಪಾಪ್ಯುಲೇಶನ್ ಜೆನೆಟಿಕ್ಸ್ ಎಂಬ ಶಾಸ್ತ್ರ ಹುಡುಕುವುದು ಆ ಬೇರೆ ಕಾರಣಗಳನ್ನು. ಜೀವವಿಕಾಸದ ಬಗ್ಗೆ ಜನರಿಗಿರುವ ಗೊಂದಲದ ಬಹುಪಾಲು ಹುಟ್ಟುವುದು ಒಂದು ಪ್ರಾಣಿ ಅಥವಾ ಒಂದು ಗಿಡ ತನ್ನ ಜೀವಮಾನದಲ್ಲಿ ಬದಲಾಗುತ್ತದೆ ಎಂದುಕೊಳ್ಳುವುದರಿಂದ. ಜಿರಾಫೆ ಎಟುಕಿ ಎಟುಕಿ ಕುತ್ತಿಗೆ ಉದ್ದ ಮಾಡಿಕೊಂಡಿತು, ಮಂಗ ಒಂದು ದಿನ ಬಾಲ ಉದುರಿಸಿ ಎದ್ದು ನಿಂತಿತು ಎಂಬ ಚಿತ್ರ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಳ್ಳಾಗಿಯೇ ಕಾಣುತ್ತದೆ. ಯಾವ ಭತ್ತದ ಗಿಡವೂ ಬದಲಾಗಲಿಲ್ಲ. ಕೆಂಪಾಗಿ ಹುಟ್ಟಿದ್ದು ಕೆಂಪಾಗಿಯೇ ಸತ್ತಿತು, ಬಿಳಿಯಾಗಿ ಹುಟ್ಟಿದ್ದು ಬಿಳಿಯಾಗಿ. ಬದಲಾದದ್ದು ಗದ್ದೆಯ ಲೆಕ್ಕ: ನೂರು ಗಿಡದಲ್ಲಿ ಎಷ್ಟು ಇದು, ಎಷ್ಟು ಅದು.

ಆ ಲೆಕ್ಕ ಎಷ್ಟು ಬೇಗ ಬದಲಾಗುತ್ತದೆ ಎಂದು ಕಾಗದದ ಮೇಲೆ ಹಾಕಿ ನೋಡಬಹುದು. ಒಂದು ಗದ್ದೆಯಲ್ಲಿ ನೂರಕ್ಕೆ ಒಂದು ಗಿಡ ಹೊಸ ಬಗೆಯದು ಎಂದಿಟ್ಟುಕೊಳ್ಳಿ. ಮುಂದಿನ ವರ್ಷದ ಬಿತ್ತನೆಗೆ ಅದು ಉಳಿದ ಗಿಡಗಳಿಗಿಂತ 10% ಹೆಚ್ಚು ಕಾಳು ಕೊಡುತ್ತದೆ, ಅಷ್ಟೆ. ಹತ್ತು ವರ್ಷ ಕಳೆದರೂ ಕಣ್ಣಿಗೆ ಏನೂ ಕಾಣಿಸುವುದಿಲ್ಲ. 24ನೇ ವರ್ಷಕ್ಕೆ ನೂರಕ್ಕೆ ಒಂಬತ್ತು. 48ನೇ ವರ್ಷಕ್ಕೆ ಸರಿಸುಮಾರು ಅರ್ಧ ಗದ್ದೆ. 72ಕ್ಕೆ ನೂರರಲ್ಲಿ ತೊಂಬತ್ತು. ಅಜ್ಜ ನೋಡಿದ ಗದ್ದೆಯೂ ಮೊಮ್ಮಗ ನೋಡುವ ಗದ್ದೆಯೂ ಒಂದೇ ಅಲ್ಲ, ಆದರೆ ನಡುವಿನ ಯಾವ ವರ್ಷದಲ್ಲೂ "ಇವತ್ತು ಬದಲಾಯಿತು" ಎಂದು ಬೆರಳಿಟ್ಟು ತೋರಿಸಲಾಗದು. ಸಾಕ್ಷಿ ಕೇಳುವವರಿಗೆ ತೊಡಕಾಗುವುದೂ ಇಲ್ಲೇ. ಇಂಥ ಲೆಕ್ಕಗಳನ್ನು 1920ರ ದಶಕದಲ್ಲಿ ಹಾಕಿ ತೋರಿಸಿದವರಲ್ಲಿ ಒಬ್ಬರಾದ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು, ಇಲ್ಲಿಯ ಪ್ರಜೆಯಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹಾಗಾದರೆ ಲೋಕವೆಲ್ಲ ಬಿಳಿಯಾದಾಗ ಕರಾವಳಿ ಯಾಕೆ ಕೆಂಪಾಗಿ ಉಳಿಯಿತು? ಒಂದು ಕಾರಣ ಬಾಯಿರುಚಿ. ಬಿಳಿಯನ್ನು ಆರಿಸಿದ್ದು ಮನುಷ್ಯರೇ, ಇಲ್ಲಿ ಆರಿಸದೆ ಬಿಟ್ಟವರೂ ಮನುಷ್ಯರೇ. ಗಂಜಿಗೆ ಕುಚ್ಚಲಕ್ಕಿಯೇ ಬೇಕು ಎನ್ನುವ ಹಟವೂ ಗದ್ದೆಗೆ ಬೀಳುವ ಒಂದು ಬಲ. ಇನ್ನೊಂದು ಕಾರಣ ಮಳೆಗೆ ಸಂಬಂಧಿಸಿದ್ದಿರಬಹುದು. ಬಣ್ಣ ಕೊಡುವ ಆ ವಂಶವಾಹಿ ಬೀಜದ ನಿದ್ದೆಯನ್ನೂ ಹಿಡಿದಿಡುತ್ತದೆ ಎಂದು ಅಮೆರಿಕದಲ್ಲಿ ಕೆಂಪು ಕಳೆಭತ್ತದ ಮೇಲೆ ನಡೆದ ಸಂಶೋಧನೆ 2011ರಲ್ಲಿ ತೋರಿಸಿತು. ಕೆಂಪು ಪೊರೆಯ ಬೀಜ ಕೊಯ್ದ ಕೂಡಲೇ ಮೊಳೆಯಲು ಹೊರಡುವುದಿಲ್ಲ, ಸ್ವಲ್ಪ ಕಾಲ ಮಲಗಿರುತ್ತದೆ. ಕಾರ್ತಿ ಬೆಳೆ ಕೊಯ್ಯುವ ಹೊತ್ತಿಗೂ ಮಳೆ ಬಿಡದ ಈ ಸೀಮೆಯಲ್ಲಿ ನಿದ್ದೆಯಿಲ್ಲದ ಭತ್ತ ತೆನೆಯಲ್ಲೇ ಮೊಳಕೆ ಬಂದು ಹಾಳಾಗುವುದನ್ನು ಬೈಲುಗದ್ದೆಯವರು ಕಂಡೇ ಇದ್ದಾರೆ. ಇಂದು ಉಡುಪಿ ಜಿಲ್ಲೆಯ ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವ ಎಂಒ-4 ಕೂಡ ಕೆಂಪು ತಳಿ, ಕೇರಳದ ಮೊಂಕೊಂಬು ಸಂಶೋಧನಾ ಕೇಂದ್ರದಿಂದ ಬಂದದ್ದು. ಅದಕ್ಕೆ ಬದಲಿಯಾಗಿ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಹೊರತಂದ ಸಹ್ಯಾದ್ರಿ ಕೆಂಪುಮುಕ್ತಿಯೂ ಕೆಂಪೇ. ಪೇಟೆಯ ಕಡೆ ಈಗ ಆರೋಗ್ಯದ ಹೆಸರಿನಲ್ಲಿ ಕೆಂಪಕ್ಕಿಗೆ ಬೆಲೆ ಬಂದಿದೆ. ಗಂಜಿ ಉಣ್ಣುವವರನ್ನು ಕಂಡು ಮೂಗು ಮುರಿಯುತ್ತಿದ್ದವರೇ ಈಗ ಅದನ್ನು ಅರ್ಧ ಕಿಲೋ ಪ್ಯಾಕೆಟ್ಟಿನಲ್ಲಿ ಕೊಳ್ಳುತ್ತಾರೆ.

ಬೀಜ ಉಳಿಸಿಕೊಳ್ಳುವವರು ಗಮನಿಸಿರಬಹುದಾದ ಒಂದು ವಿಚಿತ್ರ ಇದೆ. ಬಿಳಿ ತಳಿಯ ಗಿಡಕ್ಕೆ ಪಕ್ಕದ ಗದ್ದೆಯ ಕೆಂಪು ತಳಿಯ ಪರಾಗ ಬಿದ್ದರೂ ಆ ವರ್ಷದ ಅಕ್ಕಿ ಬಿಳಿಯೇ. ಯಾಕೆಂದರೆ ಬಣ್ಣದ ಪೊರೆ ತಾಯಿಗಿಡದ ಅಂಗ, ಮಗುವಿನದ್ದಲ್ಲ. ಆ ಕಾಳನ್ನು ಬಿತ್ತಿ, ಅದು ಬೆಳೆದು ತೆನೆ ಬಿಟ್ಟಾಗ ಅಕ್ಕಿ ಪೂರಾ ಕೆಂಪು. ಬೆರಕೆ ಆದದ್ದು ಹೋದ ವರ್ಷ, ಗೊತ್ತಾಗುವುದು ಈ ವರ್ಷ. ಬೀಜ ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ, ಅವರ ಕಣ್ಣಿಗೂ ಅದು ಕಂಡಿರುವುದಿಲ್ಲ. ಭತ್ತ ಹೆಚ್ಚಾಗಿ ತನ್ನ ಹೂವಿನ ಪರಾಗವನ್ನೇ ಬಳಸಿಕೊಳ್ಳುವುದರಿಂದ ಇಂಥ ಬೆರಕೆ ನೂರಕ್ಕೆ ಒಂದರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ. ಆದರೆ ಬಿಳಿಯ ಗುಣ ಜಪಾನಿಕಾದಿಂದ ಇಂಡಿಕಾಕ್ಕೆ ದಾಟಿದ್ದೂ ಇಂಥ ಸಣ್ಣ ಕಿಂಡಿಯಲ್ಲೇ.

ಆಯ್ಕೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆಕಸ್ಮಿಕದ ಬಗ್ಗೆ ಮಾತು ಕಡಿಮೆ, ಈ ಅಂಕಣದ ಮಟ್ಟಿಗೆ ಅದೇ ಹೆಚ್ಚು ಸ್ವಾರಸ್ಯದ್ದು. ಹಿಂದೆ ಬಿತ್ತಿನ ಭತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು, ಉಳಿದದ್ದು ಅಂಗಳದ ತಿರಿಯಲ್ಲಿ. ಗದ್ದೆಯಲ್ಲಿ ನೂರಕ್ಕೆ ಒಂದು ಗಿಡದಲ್ಲಿ ಒಂದು ಒಳ್ಳೆಯ ಗುಣ ಇದೆ ಎನ್ನಿ. ನೆರೆ ಬಂದು ಬೆಳೆ ಹೋಗಿ, ಉಳಿದದ್ದರಲ್ಲಿ 50 ತೆನೆ ಮಾತ್ರ ಬೀಜಕ್ಕೆ ಸಿಕ್ಕಿತು. ಆ ಗುಣ ಐವತ್ತರಲ್ಲಿ ಒಂದರಲ್ಲೂ ಇಲ್ಲದೆ ಹೋಗುವ ಸಾಧ್ಯತೆ ಸುಮಾರು 60%. ಗುಣ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಲ್ಲ, ಮುಡಿಗೆ ಬೀಳಲಿಲ್ಲ, ಹೋಯಿತು. ಗುಂಪು ಸಣ್ಣದಾದಷ್ಟೂ ಈ ಆಕಸ್ಮಿಕದ ಕೈ ಉದ್ದವಾಗುತ್ತದೆ. ಅಳಿವಿನಂಚಿನ ಪ್ರಾಣಿಗಳ ವಿಷಯದಲ್ಲಿ ವಿಜ್ಞಾನಿಗಳು ತಲೆ ಎಷ್ಟಿವೆ ಎಂದು ಮತ್ತೆ ಮತ್ತೆ ಎಣಿಸುವುದು ಇದೇ ಭಯಕ್ಕೆ.

ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ ಅವರ ಕೆಲಸವನ್ನು ಇದೇ ಕಣ್ಣಿನಿಂದ ನೋಡಬೇಕು. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ ಈ ಕೃಷಿಕರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರ ಸಂಗ್ರಹ ಶುರುವಾದದ್ದು ರಾಜಕಯಮೆ ತಳಿಯ ಒಂದು ಹಿಡಿ ಬೀಜದಿಂದ, ಅದನ್ನು ಕೊಟ್ಟವರು ಬ್ರಹ್ಮಾವರ ಸಮೀಪದ ಚೇರ್ಕಾಡಿಯ ಗಾಂಧಿವಾದಿ ಕೃಷಿಕ ರಾಮಚಂದ್ರ ರಾಯರು. ಆ ಹಿಡಿಯೊಳಗೆ ಏನಿತ್ತೋ ಅದೇ ಅಲ್ಲಿಯ ರಾಜಕಯಮೆಗೆ ಬಂಡವಾಳ. ಹಿಡಿಯಿಂದ ಹೊರಗೆ ಉಳಿದ ವೈವಿಧ್ಯ ಅವರ ಗದ್ದೆಗೆ ಇಲ್ಲ. ಬೇಳೇರಿಯವರು ಕಾಗದದ ಲೋಟ, ಗ್ರೋ ಬ್ಯಾಗುಗಳಲ್ಲಿ ಒಂದೊಂದು ತಳಿಯನ್ನು ಬೆಳೆದು ಹೆಸರು ಅಳಿಯದಂತೆ ನೋಡಿಕೊಂಡಿದ್ದಾರೆ, ಒಬ್ಬ ಮನುಷ್ಯನಿಂದ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆದರೆ ಅತಿಕರಾಯವೋ ಗಂಧಸಾಲೆಯೋ ತನ್ನೊಳಗಿನ ವೈವಿಧ್ಯದ ಸಮೇತ ಉಳಿಯಬೇಕಾದರೆ ಎಕರೆಗಟ್ಟಲೆ ಗದ್ದೆಯಲ್ಲಿ, ಬೇರೆ ಬೇರೆ ಊರಿನಲ್ಲಿ ಬೆಳೆಯಬೇಕು. ಸನ್ಮಾನದ ಶಾಲು ಹೊದೆಸುವವರು ಇದನ್ನೂ ಸ್ವಲ್ಪ ಯೋಚಿಸಿದರೆ ಒಳ್ಳೆಯದು.

ಮನುಷ್ಯ ಆರಿಸಿದ ಎಂದಾಗ ಬೇಕೆಂದೇ ಆರಿಸಿದ ಎಂದು ಅರ್ಥವಾಗಬೇಕಿಲ್ಲ. ಕಾಡುಭತ್ತದ ಕಾಳು ಹಣ್ಣಾದ ಕೂಡಲೇ ಕಳಚಿ ನೀರಿಗೆ ಬೀಳುತ್ತದೆ, ಅದರ ವಂಶ ಮುಂದುವರಿಯುವುದೇ ಹಾಗೆ. ನಮ್ಮ ಭತ್ತ ಬಡಿಯುವ ತನಕ ತೆನೆಯಲ್ಲೇ ಕೂತಿರುತ್ತದೆ. ಈ ವ್ಯತ್ಯಾಸದ ಹಿಂದಿರುವ ಮುಖ್ಯ ವಂಶವಾಹಿಗಳಲ್ಲಿ ಒಂದಾದ ಎಸ್‌ಎಚ್4ರಲ್ಲಿ ಒಂದೇ ಒಂದು ಅಕ್ಷರ ಬೇರೆಯಾದದ್ದು ನಿರ್ಣಾಯಕ ಎಂದು 2006ರಲ್ಲಿ ಗೊತ್ತಾಯಿತು. ಮೊದಲ ಕೃಷಿಕರು ಇದನ್ನು ಹುಡುಕಿಕೊಂಡು ಹೋದವರಲ್ಲ. ಅವರು ಕತ್ತಿ ಹಿಡಿದು ಕೊಯ್ದು ಮನೆಗೆ ತಂದರು. ಉದುರುವ ಕಾಳು ಗದ್ದೆಯಲ್ಲೇ ಉಳಿಯಿತು, ಉದುರದ್ದು ಮನೆ ಸೇರಿತು, ಮುಂದಿನ ವರ್ಷ ಬಿತ್ತಿದ್ದು ಮನೆ ಸೇರಿದ್ದನ್ನೇ.

ಕಳೆ ಕೀಳುವ ಹೆಂಗಸರ ಕೈಯೂ ಹೀಗೆಯೇ ಕೆಲಸ ಮಾಡಿದೆ. ಭತ್ತದಂತೆಯೇ ಕಾಣುವ, ತೆನೆ ಬರುವ ತನಕ ಗುರುತು ಸಿಗದ ಹುಲ್ಲು ಗದ್ದೆಗಳಲ್ಲಿ ಇದೆಯಲ್ಲ, ಅದು ಮೊದಲಿನಿಂದ ಹಾಗೆ ಇದ್ದದ್ದಲ್ಲ. ಬೇರೆಯಾಗಿ ಕಂಡದ್ದನ್ನೆಲ್ಲ ಬೆರಳುಗಳು ಕಿತ್ತುಹಾಕಿದವು, ಭತ್ತದ ಹಾಗೆ ನೆಟ್ಟಗೆ ನಿಂತು ಕಣ್ಣು ತಪ್ಪಿಸಿದ್ದು ಬೀಜ ಕಟ್ಟಿತು. ಚೀನಾದ ಯಾಂಗ್ಸೆ ನದಿಯ ಬಯಲಿನಲ್ಲಿ ಇಂಥ ಒಂದು ಹುಲ್ಲಿನ ಡಿಎನ್‌ಎ ಓದಿದ ತಂಡ, ಈ ವೇಷ ಸುಮಾರು ಸಾವಿರ ವರ್ಷದ ಹಿಂದೆ ಬಂದದ್ದು ಎಂದು 2019ರಲ್ಲಿ ವರದಿ ಮಾಡಿತು. ಮಧ್ಯ ಭಾರತದಲ್ಲಿ ಕಳೆಭತ್ತವನ್ನು ಬೇರೆ ಮಾಡಲು ನೇರಳೆ ಎಲೆಯ ತಳಿ ಬಿತ್ತಿ ಹಸಿರೆಲ್ಲ ಕೀಳುವ ಉಪಾಯ ಮಾಡಿದ್ದರು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು, ಆಮೇಲೆ ಕಳೆಭತ್ತವೂ ನೇರಳೆಯಾಯಿತು. ಕಂದು ಜಿಗಿಹುಳುವಿನದ್ದು ಇನ್ನೂ ವೇಗ: ಅದನ್ನು ತಡೆಯಬಲ್ಲ ವಂಶವಾಹಿ ಇಟ್ಟು ಫಿಲಿಪೀನ್ಸ್‌ನಲ್ಲಿ 1973ರಲ್ಲಿ ಬಿಡುಗಡೆಯಾದ ಐಆರ್26 ತಳಿಗೆ ಎರಡು ಮೂರು ವರ್ಷದಲ್ಲೇ ಹುಳು ಒಗ್ಗಿಕೊಂಡಿತು. "ಈಗಿನ ಹುಳಕ್ಕೆ ಔಷಧಿ ತಾಗುವುದಿಲ್ಲ" ಎಂದು ಕೃಷಿಕರು ದೂರುವಾಗ ಅವರು ವರದಿ ಮಾಡುತ್ತಿರುವುದು ಜೀವವಿಕಾಸವನ್ನೇ. ಸಾಕ್ಷಿ ಯಾರು ಎಂದು ಕೇಳಿದವರಿಗೆ ಇಷ್ಟು ಸಾಕು.

ಇಲ್ಲಿಯವರೆಗಿನದ್ದು ಒಂದೇ ಪ್ರಭೇದದೊಳಗಿನ ಲೆಕ್ಕ. ಭತ್ತ ಭತ್ತವಾಗಿಯೇ ಇದೆ, ಹೊಸ ಪ್ರಭೇದ ಹುಟ್ಟುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಒಂದು ಗುಂಪು ಎರಡಾಗಿ, ನಡುವಿನ ಹೋಗುಬರುವಿಕೆ ನಿಂತರೆ ಎರಡು ಕಡೆಯ ಲೆಕ್ಕವೂ ತಂತಮ್ಮ ದಾರಿ ಹಿಡಿಯುತ್ತದೆ. ಸಾಕಷ್ಟು ಕಾಲ ಕಳೆದರೆ ಮತ್ತೆ ಎದುರಾದರೂ ಕೂಡಲಾರದಷ್ಟು ಅಂತರ ಬೀಳುತ್ತದೆ. ಮಣಿಪಾಲದ ಮುರಕಲ್ಲು ಹಾಸಿನ ಮೇಲೆ ಮಳೆಗಾಲದ ರಾತ್ರಿ ಕೇಳುವ, ಜೀರುಂಡೆಯದ್ದು ಎಂದುಕೊಳ್ಳುವಂಥ ಸದ್ದು ಒಂದು ಕಪ್ಪೆಯದು. ಮೈಯುದ್ದ ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಕೆ.ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ.ವಿ. ಗುರುರಾಜ ಮತ್ತಿತರರು ಅದರ ರೂಪ, ಕೂಗು, ಡಿಎನ್‌ಎ ಮೂರನ್ನೂ ಹೋಲಿಸಿ ನೋಡಿ, ಇದು ಬೇರೆಯೇ ಪ್ರಭೇದ ಎಂದು 2016ರಲ್ಲಿ ಮೈಕ್ರೋಹೈಲ ಲ್ಯಾಟರೈಟ್ ಎಂದು ಹೆಸರಿಟ್ಟರು. ಲಕ್ಷಾಂತರ ಜನ ಓಡಾಡುವ ಊರಿನ ನಡುವೆ, ಪಾಳು ಜಾಗ ಎಂದು ನಾವು ಕಸ ಸುರಿಯುವ ಕಲ್ಲಿನ ಮೇಲೆ.

ಕಾಳಿಂಗ ಸರ್ಪದ ವಿಷಯ ಇನ್ನೂ ಹೊಸದು. ಜಡ್ಕಲ್, ಹಳ್ಳಿಹೊಳೆ, ಅಮಾಸೆಬೈಲು ಕಡೆಯ ತೋಟಗಳಿಗೆ ಕೇರೆಹಾವಿನ ಹಿಂದೆ ಬಂದು ಊರನ್ನೆಲ್ಲ ಸೇರಿಸುವ ಈ ಹಾವು, ಪಶ್ಚಿಮಘಟ್ಟದಿಂದ ಫಿಲಿಪೀನ್ಸ್‌ವರೆಗೆ ಹರಡಿದ ಒಂದೇ ಪ್ರಭೇದ ಎಂದು 1836ರಿಂದ ಲೆಕ್ಕವಿತ್ತು. ಆಗುಂಬೆಯಲ್ಲಿ ಕೆಲಸ ಮಾಡುವ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಬೇರೆ ಬೇರೆ ದೇಶದ ಹಾವುಗಳ ಡಿಎನ್‌ಎ, ಮೈಪಟ್ಟೆಗಳನ್ನು ವರ್ಷಗಟ್ಟಲೆ ಹೋಲಿಸಿ, ಇದು ನಾಲ್ಕು ಪ್ರಭೇದ ಎಂದು ತೋರಿಸಿದರು. ಪಶ್ಚಿಮಘಟ್ಟದ್ದಕ್ಕೆ 2024ರಲ್ಲಿ ಓಫಿಯೋಫೇಗಸ್ ಕಾಳಿಂಗ ಎಂಬ ಹೆಸರು ಬಂತು. ಘಟ್ಟದ ಮಳೆಕಾಡು ಮತ್ತು ಪೂರ್ವದ ಕಾಡುಗಳ ನಡುವೆ ಒಣ ದಖನ್ ಬಯಲು ಬಿದ್ದುಕೊಂಡಿದೆ, ತಂಪು ನೆಲದ ಈ ಹಾವಿಗೆ ಅದನ್ನು ದಾಟುವುದು ಸುಲಭವಲ್ಲ. ಇದರಲ್ಲಿ ಆತಂಕದ ವಿಷಯವೂ ಇದೆ. ದೇಶದೇಶಕ್ಕೆ ವ್ಯಾಪಿಸಿದ ಪ್ರಾಣಿ ಎಂದು ನೆಮ್ಮದಿಯಾಗಿದ್ದೆವು, ಈಗ ಅದು ಒಂದು ಘಟ್ಟದ ಸಾಲಿಗೆ ಸೀಮಿತವಾದ ಪ್ರಾಣಿ. ಸಣ್ಣ ಗುಂಪಿನ ಆಕಸ್ಮಿಕದ ಮಾತು ಇಲ್ಲಿಗೂ ಅನ್ವಯ.

ಈಗ ಕೊಲ್ಲೂರು ಘಾಟಿಯ ಮಂಗ. ಅಲ್ಲಿ ದಾರಿಬದಿಯಲ್ಲಿ ಬಾಳೆಹಣ್ಣಿಗೆ ಕೈಚಾಚುವ ಸಾಮಾನ್ಯ ಮಂಗವೂ ಇದೆ, ಮರದ ತುದಿ ಬಿಟ್ಟು ಇಳಿಯಲು ಒಲ್ಲದ ಸಿಂಗಳೀಕವೂ ಇದೆ. ಅವೆರಡೂ ಮನುಷ್ಯರಾಗುವ ದಾರಿಯಲ್ಲಿ ಹಿಂದೆ ಬಿದ್ದವಲ್ಲ. ಅವುಗಳ ವಂಶವೂ ನಮ್ಮ ವಂಶವೂ ಎರಡೂವರೆಯಿಂದ ಮೂರು ಕೋಟಿ ವರ್ಷದ ಹಿಂದೆ ಬೇರೆಯಾದವು. ಆಗ ಇದ್ದದ್ದು ಇಂದಿನ ಮಂಗವೂ ಅಲ್ಲ, ಮನುಷ್ಯನೂ ಅಲ್ಲ. ಚಿಂಪಾಂಜಿ ನಮ್ಮಿಂದ ಬೇರೆಯಾದದ್ದು ತೀರ ಇತ್ತೀಚೆಗೆ, 60–70 ಲಕ್ಷ ವರ್ಷದ ಹಿಂದೆ. ದಾಯಾದಿಗಳು ಪಾಲಾಗಿ ಹೋದ ಮೇಲೆ ಅವರ ಮನೆ ಯಾಕೆ ನಮ್ಮ ಮನೆಯಾಗಲಿಲ್ಲ ಎಂದು ಯಾರೂ ಕೇಳುವುದಿಲ್ಲವಲ್ಲ.

ಇಷ್ಟನ್ನು ಹತ್ತನೆಯ ತರಗತಿಯಲ್ಲೇ ಹೇಳಿಕೊಡಬಹುದಿತ್ತು. ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಅಧ್ಯಾಯದಿಂದ 2023ರಲ್ಲಿ ಜೀವವಿಕಾಸ ಹೊರಬಿದ್ದು ಅನುವಂಶೀಯತೆ ಮಾತ್ರ ಉಳಿಯಿತು. ಹೊರೆ ಇಳಿಸಲು ಎಂಬ ಕಾರಣ ಕೊಟ್ಟರು. ಬಟಾಣಿ ಗಿಡದ ಲೆಕ್ಕ ಮಾತ್ರ ಬಾಯಿಪಾಠ ಮಾಡಿಸಿ, ಅದು ಯಾತಕ್ಕೆ ಎಂಬ ಭಾಗವನ್ನು ಕೈಬಿಡುವುದರಿಂದ ಯಾವ ಹೊರೆ ಇಳಿಯಿತೋ. ಕೋಟದ ಶಿವರಾಮ ಕಾರಂತರು 1936ರಲ್ಲೇ ಮಕ್ಕಳ ಕೈಗೆ 'ಬಾಲ ಪ್ರಪಂಚ'ದ ಮೂರು ದಪ್ಪ ಸಂಪುಟ ಕೊಟ್ಟವರು, ಆಮೇಲೆ ದೊಡ್ಡವರಿಗೆಂದು ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ' ತಂದವರು. ಮಕ್ಕಳಿಗೆ ಭಾರವಾದೀತು ಎಂದು ಅವರು ಹೆದರಿದಂತಿಲ್ಲ.

ಗದ್ದೆಗೆ ಬೀಳುವ ಬಲಗಳು ಈಗ ಬದಲಾಗುತ್ತಿವೆ. ನಾಟಿಗೆ ಜನ ಇಲ್ಲ, ಯಂತ್ರಕ್ಕೆ ಹೊಂದುವ ಚಾಪೆ ನೇಜಿ ಬಂದಿದೆ, ಕೆಲವರು ನೇರ ಬಿತ್ತನೆಗೆ ಇಳಿದಿದ್ದಾರೆ. ಕೊಯ್ಲಿಗೆ ಗಂಟೆ ಬಾಡಿಗೆಯ ಕಟಾವು ಯಂತ್ರಗಳು ಘಟ್ಟದ ಮೇಲಿಂದ, ತಮಿಳುನಾಡಿನಿಂದ ಬಂದು ಬ್ರಹ್ಮಾವರದ ಬೈಲಿನಿಂದ ಬೈಂದೂರಿನ ಬೈಲಿಗೆ ಸಾಗುತ್ತವೆ. ಯಂತ್ರದ ಹೊಟ್ಟೆಯಲ್ಲಿ, ಚಕ್ರದ ಕೆಸರಿನಲ್ಲಿ ಒಂದೂರಿನ ಕಾಳು ಇನ್ನೊಂದೂರಿಗೆ ಹೋಗುತ್ತದೆ. ಮುಡಿ ಕಟ್ಟಿದ ಕಾಲದಲ್ಲಿ ನೆಂಟರ ಮನೆಯ ತನಕ ಹೋಗುತ್ತಿದ್ದ ಬೀಜ ಈಗ ಒಂದೇ ವಾರದಲ್ಲಿ ತಾಲೂಕು ದಾಟುತ್ತದೆ. ಕತ್ತಿಯ ಕಾಲದಲ್ಲಿ ಬಾಗಿದ ಪೈರನ್ನೂ ಎತ್ತಿ ಕೊಯ್ಯುತ್ತಿದ್ದರು, ಯಂತ್ರ ನೆಲಕ್ಕೆ ಮಲಗಿದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ನೇರ ಬಿತ್ತನೆಯ ಗದ್ದೆಯಲ್ಲಿ ಸಾಲು ಇಲ್ಲದ್ದರಿಂದ, ತಾನಾಗಿ ಉದುರಿ ತಾನಾಗಿ ಮೊಳೆಯುವ ಕಳೆಭತ್ತಕ್ಕೆ ತಲೆಮರೆಸಿಕೊಳ್ಳುವುದು ಸಲೀಸು. ಕೇರಳದ ಗದ್ದೆಗಳಲ್ಲಿ ಅದು ಈಗಾಗಲೇ ದೊಡ್ಡ ತಲೆನೋವು. ಮನೆಬೀಜ ಇಟ್ಟುಕೊಳ್ಳುವವರು ಯಂತ್ರ ಗದ್ದೆಗೆ ಇಳಿಯುವ ಮೊದಲು ಅದನ್ನು ಗುಡಿಸಿ ತೊಳೆಸುವುದು, ಬಿತ್ತನೆಗೆ ಬೇಕಾದ ಮೂಲೆಯನ್ನು ಕತ್ತಿಯಲ್ಲೇ ಕೊಯ್ದು ಬೇರೆ ತೆಗೆದಿಡುವುದು ಒಳ್ಳೆಯದು. ಬಾಡಿಗೆಯ ಗಂಟೆ ಓಡುತ್ತಿರುವಾಗ ಯಂತ್ರದವರಿಗೆ ಇದನ್ನು ಒಪ್ಪಿಸುವುದು ಬೇರೆಯೇ ಕಷ್ಟ.